ಅರ್ಧ ಎಂಎಂ ಅಣ್ಣ ಬರೆದುಕೊಟ್ಟ ಚೀಟಿ

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ‘ಅರ್ಧ ಎಂಎಂ’. ಮೂವತ್ತೊಂದು ವರ್ಷ ಕನ್ನಡಕದ ಅಂಗಡಿ ನಡೆಸಿದವನು. ಗಾಜಿನ ನಡು ಕಣ್ಣಿನ ಪಾಪೆಯ ನೇರಕ್ಕೇ ಬರಬೇಕು, ಅರ್ಧ ಮಿಲಿಮೀಟರ್ ಆಚೀಚೆ ಆದರೂ ಕೂಡದು ಎಂದು ಹಟ ಹಿಡಿಯುತ್ತಿದ್ದ. ತಯಾರಾಗಿ ಬಂದ ಕನ್ನಡಕವನ್ನು ಪವರ್ ನೋಡುವ ಮಿಷನ್ನಿಗೆ ಇಟ್ಟು, ಎರಡೂ ಗಾಜಿನ ನಡುವಿಗೆ ಪೆನ್ನಿನಿಂದ ಒಂದೊಂದು ಚುಕ್ಕೆ ಹಾಕಿ, ಚುಕ್ಕೆಯಿಂದ ಚುಕ್ಕೆಗೆ ಸ್ಕೇಲು ಹಿಡಿದು ಅಳೆಯುತ್ತಿದ್ದ. ಕೂದಲೆಳೆಯಷ್ಟು ತಪ್ಪಿದ್ದರೂ ಗಾಜು ವಾಪಸ್. ಗಾಜು ಕೊರೆಯುವವನು ನನ್ನ ಹತ್ತಿರ ಬಂದು ಗೋಳಾಡುತ್ತಿದ್ದ.

"ಅಕ್ಕಾ, ನಿಮ್ಮಣ್ಣ ಮನೇಲೂ ಹೀಗೇನಾ?"

"ಮನೇಲಿ ಇನ್ನೂ ಕಡೆ. ಗೋಡೆ ಮೇಲಿನ ಕ್ಯಾಲೆಂಡರ್ ಸೊಟ್ಟಗಿದ್ರೆ ಅವನಿಗೆ ಊಟ ಸೇರಲ್ಲ" ಎನ್ನುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಅಂಗಡಿಯ ಗಲ್ಲಾದ ಹಿಂದೆ ಕೂತೆ. ಅಣ್ಣನಿಗೆ ಬಾಯಿಲ್ಲ, ನನಗೆ ಬಾಯಿ ಜಾಸ್ತಿ, ಹಾಗಾಗಿ ವ್ಯಾಪಾರಕ್ಕೆ ಸರಿಹೋಯಿತು. ಗಿರಾಕಿಗಳ ಕಾರ್ಡು ನೋಡಿಕೊಳ್ಳುವುದೂ ನನ್ನ ಕೆಲಸವೇ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಅದರಲ್ಲಿ ಕಣ್ಣಿನ ಪವರ್, ಎರಡು ಪಾಪೆಗಳ ನಡುವಿನ ಅಂತರ, ಕಿವಿ ಮೂಗಿನ ತಕರಾರು ಎಲ್ಲ ಬರೆದಿರುತ್ತಿತ್ತು. ಪವರ್ ವರ್ಷ ವರ್ಷ ಬದಲಾಗುತ್ತದೆ, ಪಾಪೆಗಳ ಅಂತರ ಬದಲಾಗುವುದಿಲ್ಲ. ಆದರೂ ಅಣ್ಣ ಪ್ರತಿ ಸಲ ಹೊಸದಾಗಿ ಅಳೆಯುತ್ತಿದ್ದ. ಸ್ಟೂಲು ಎಳೆದುಕೊಂಡು ಗಿರಾಕಿಯ ಮುಂದೆ ಮಂಡಿಗೆ ಮಂಡಿ ತಾಗುವಂತೆ ಕೂತು, ಅವರ ಮೂಗಿನ ಮೇಲೆ ಸ್ಕೇಲು ಇಟ್ಟು, "ನನ್ನ ಎಡಗಣ್ಣು ನೋಡಿ... ಈಗ ಬಲಗಣ್ಣು" ಎನ್ನುವನು. ಎಂಥ ಜಂಬದ ಮನುಷ್ಯನೂ ಆ ಗಳಿಗೆಯಲ್ಲಿ ಉಸಿರು ಹಿಡಿದು ಕೂರುತ್ತಿದ್ದ.

ಆಮೇಲೆ ಬಂತು ನೋಡಿ ಫೋನಿನಲ್ಲಿ ಹೊರದೇಶದಿಂದ ತರಿಸುವ ಕಾಯಿಲೆ. ಮೊದಮೊದಲು ಜನ ಕದ್ದುಮುಚ್ಚಿ ಫ್ರೇಮಿನ ಫೋಟೊ ತೆಗೆಯುತ್ತಿದ್ದರು. ವರ್ಷದೊಳಗೆ ರಾಜಾರೋಷವಾಗಿ ನನ್ನ ಕೈಯಲ್ಲೇ ಫ್ರೇಮ್ ಹಿಡಿಸಿ, ಕಡ್ಡಿಯ ಒಳಗಿನ ನಂಬರ್ ಓದಿಸಿಕೊಂಡು, ಅಲ್ಲೇ ನಿಂತು ಬೆಲೆ ಹುಡುಕತೊಡಗಿದರು.

"ಇದೇ ನಂಬರ್, ಇದೇ ಬಣ್ಣ. ಗಾಜೂ ಸೇರಿ, ಮನೆ ಬಾಗಿಲಿಗೆ ತಂದುಕೊಟ್ಟು ಮೂರು ಸಾವಿರದ ಇನ್ನೂರು. ನೀವು ಒಂಬತ್ತು ಅಂತೀರಿ. ಹಗಲು ದರೋಡೆ ಕಣ್ರೀ ಇದು!"

ಹೀಗೆಂದವನು ಬ್ಯಾಂಕಿನ ಗುಮಾಸ್ತ. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕಣ್ಣಲ್ಲೇ ಸುಮ್ಮನಿರಿಸಿದ. ಅವನು ಹೋದ ಮೇಲೆ ನನ್ನ ಫೋನು ಇಸಿದುಕೊಂಡು ಹೋಲ್‌ಸೇಲಿನವರ ಬಿಲ್ಲು ಪಕ್ಕದಲ್ಲಿಟ್ಟು ಒಂದೊಂದೇ ಫ್ರೇಮಿನ ಬೆಲೆ ತಾಳೆ ನೋಡಿದ. ಬರೀ ಆ ಫ್ರೇಮ್ ನಮಗೇ ನಾಲ್ಕು ಸಾವಿರಕ್ಕೆ ಬಿದ್ದಿತ್ತು.

"ಅವರು ಮಾರೋ ಬೆಲೆಗೆ ನನಗೆ ಕೊಳ್ಳೋಕೂ ಸಿಗಲ್ವಲ್ಲೇ" ಎಂದ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹೊರದೇಶದವರಿಗೆ ಗಿರಾಕಿಯ ಪವರ್ ಜತೆಗೆ ಪಾಪೆಗಳ ಅಂತರವೂ ಬೇಕು. ಅದು ಡಾಕ್ಟರ ಚೀಟಿಯಲ್ಲಿ ಇರುವುದಿಲ್ಲ. ಅದಕ್ಕೆ ಎಲ್ಲರೂ ನಮ್ಮಲ್ಲಿಗೇ ಬರತೊಡಗಿದರು. ಅಣ್ಣ ಮಂಡಿಗೆ ಮಂಡಿ ತಾಗಿಸಿ ಕೂತು ಅಳೆದು, ಚೀಟಿಯಲ್ಲಿ ಬರೆದು, ಸೀಲು ಹೊಡೆದು ಪುಕ್ಕಟೆ ಕೊಡುತ್ತಿದ್ದ.

"ಚೀಟಿಗಾದ್ರೂ ಏನಾದ್ರೂ ತಗೊಳ್ಳೋ. ನಾವೇನು ಧರ್ಮಛತ್ರ ಇಟ್ಟಿದ್ದೀವಾ?" ಎಂದು ಬೈದೆ.

"ಚೀಟಿಗೆ ದುಡ್ಡು ಅಂದ್ರೆ ಕನ್ನಡಿ ಮುಂದೆ ತಾವೇ ಸ್ಕೇಲು ಹಿಡ್ಕೊಂಡು ಅಳೀತಾರೆ. ತಪ್ಪು ಅಳತೆ ಹಾಕ್ಕೊಂಡು ತಲೆ ಸಿಡಿಸ್ಕೋತಾರೆ. ಬೇಡ ಬಿಡೇ" ಎಂದ. ಅದು ನಮ್ಮಣ್ಣ.

ಟೀಚರಮ್ಮ ಬಂದಾಗ ನಮ್ಮಲ್ಲಿ ಹನ್ನೊಂದು ದಿನದಿಂದ ಒಂದೂ ಕನ್ನಡಕ ಹೋಗಿರಲಿಲ್ಲ. ಟೀಚರಮ್ಮ ಎಂದರೆ ನಮ್ಮಿಬ್ಬರಿಗೂ ಮಗ್ಗಿ ಕಲಿಸಿದವರು. ಮೈನಸ್ ಏಳೂವರೆ ಪವರ್. ಕನ್ನಡಕ ತೆಗೆದರೆ ಎದುರಿಗಿರುವ ಮುಖವೂ ಕಾಣುವುದಿಲ್ಲ. ಅಂಗಡಿ ತೆರೆದ ವರ್ಷದಿಂದ ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಹಾಕಿಸಿದವರಲ್ಲ. ಅಣ್ಣನ ಮುಖ ಅರಳಿತು. ಟೀ ತರಿಸಿದ. ಒಂದೂವರೆ ಗಂಟೆ ಫ್ರೇಮ್ ನೋಡಿದರು. ನಾನು ಎರಡು ಸಲ ಏಣಿ ಹತ್ತಿ ಮೇಲಿನ ಡಬ್ಬಗಳನ್ನು ಇಳಿಸಿದೆ. ಕೊನೆಗೆ ಒಂದು ಹಿಡಿಸಿತು. ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ಬ್ಯಾಗಿನಿಂದ ಒಂದು ಕಾಗದ ತೆಗೆದರು. ಗುಂಡು ಅಕ್ಷರದಲ್ಲಿ ಅದೇ ಫ್ರೇಮಿನ ನಂಬರ್ ಮೊದಲೇ ಬರೆದುಕೊಂಡಿದ್ದರು. ಮುಖಕ್ಕೆ ಒಪ್ಪುತ್ತದೋ ಇಲ್ಲವೋ ನೋಡಲು ಬಂದಿದ್ದರು, ಅಷ್ಟೇ.

"ಬೇಜಾರು ಮಾಡ್ಕೋಬೇಡಪ್ಪ. ಪೆನ್ಶನ್ನಲ್ಲಿ ಬದುಕೋಳು ನಾನು. ಅಲ್ಲಿಂದ ತರಿಸಿದ್ರೆ ಮೂರರಲ್ಲಿ ಒಂದು ಪಾಲಿಗೆ ಮುಗೀತದೆ. ಅಳತೆ ಮಾತ್ರ ನೀನೇ ಬರ್ದುಕೊಡು. ನಿನ್ನ ಕೈ ಅಳತೆ ಇಲ್ದೆ ನನಗೆ ಧೈರ್ಯ ಇಲ್ಲ."

ಅಣ್ಣ ಸ್ಟೂಲು ಎಳೆದುಕೊಂಡ. ಅವರ ಮೂಗಿನ ಮೇಲೆ ಸ್ಕೇಲು ಇಟ್ಟ. "ನನ್ನ ಎಡಗಣ್ಣು ನೋಡಿ... ಈಗ ಬಲಗಣ್ಣು." ಎದ್ದು ಗಲ್ಲಾದ ಹತ್ತಿರ ಬಂದು ಚೀಟಿಯಲ್ಲಿ ಬರೆದ. ನನ್ನ ಮುಂದೆ ಟೀಚರಮ್ಮನ ಕಾರ್ಡು ಬಿಚ್ಚಿಕೊಂಡಿತ್ತು. ಅದರಲ್ಲಿ ಪಾಪೆಗಳ ಅಂತರ ಎಂದು ಮೂವತ್ತೊಂದು ವರ್ಷದಿಂದ ಇದ್ದದ್ದು ಅರವತ್ತೊಂದು ಎಂಎಂ. ಚೀಟಿಯಲ್ಲಿ ಅಣ್ಣ ಬರೆದದ್ದು ಅರವತ್ತಾರು.

ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಸೀಲು ಹೊಡೆದು ಚೀಟಿ ಮಡಚಿ ಕೊಟ್ಟ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಮಗ್ಗಿ ಕಲಿಸಿದವರೇ ಹೀಗೆ ಮಾಡಿದರೆ ಅನುಭವಿಸಲಿ ಬಿಡು ಅಂದುಕೊಂಡೆ. ಥೂ ನನ್ನ ಬುದ್ಧಿಗೆ.

ಆ ಸಂಜೆ ಮನೆಯಲ್ಲಿ ಕ್ಯಾಲೆಂಡರ್ ಸೊಟ್ಟಗಿತ್ತು, ಅಣ್ಣನಿಗೆ ಕಾಣಲೇ ಇಲ್ಲ. ಮಾರನೆಯ ದಿನ ಟೀಚರಮ್ಮನ ನಂಬರ್ ಒತ್ತಿ, ರಿಂಗಾಗುವ ಮೊದಲೇ ಇಟ್ಟುಬಿಟ್ಟ.

"ಆರ್ಡರ್ ಹಾಕಿಬಿಟ್ಟಿರ್ತಾರೆ ಅಲ್ವಾ?"

"ಹಾಕಿರ್ತಾರೆ. ಬಿಡು" ಎಂದೆ.

ಮೂರು ತಿಂಗಳಾದ ಮೇಲೆ ಟೀಚರಮ್ಮ ಮತ್ತೆ ಬಂದರು. ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್. ನಾನು ಗಾಬರಿಯಾಗಿ ಎದ್ದು ಕುರ್ಚಿ ಕೊಟ್ಟೆ. ಅವರು ಎಡಗೈಯಲ್ಲಿ ಹೊಸ ಕನ್ನಡಕ ತೆಗೆದು ಗಲ್ಲಾದ ಮೇಲಿಟ್ಟರು.

"ಇದನ್ನ ಹಾಕ್ಕೊಂಡ ದಿನದಿಂದ ತಲೆನೋವು ಕಣಪ್ಪ. ಕಳಿಸಿದವರಿಗೆ ಬರೆದು ಕೇಳಿದ್ರೆ ರೂಢಿ ಆಗುತ್ತೆ ಅಂದ್ರು. ವಯಸ್ಸಾಯ್ತೇನೋ ಅಂತ ಸುಮ್ಮನಿದ್ದೆ. ಮಿದುಳಲ್ಲಿ ಏನೋ ಆಗಿದೆ ಅಂತ ಹೆದರಿ ಸ್ಕ್ಯಾನೂ ಮಾಡಿಸ್ದೆ. ಮೆಟ್ಟಿಲು ಎರಡೆರಡು ಕಾಣೋದು; ಯಾವುದರ ಮೇಲೆ ಕಾಲಿಟ್ಟೆನೋ, ಬಿದ್ದೆ." ಆಮೇಲೆ ಪರ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. "ನೀನು ಸರಿಯಾಗಿ ಬರ್ದುಕೊಟ್ಟಿದ್ದೆ. ಅಲ್ಲಿಯವರು ಕೆಡಿಸಿದ್ದಾರೆ. ಗಾಜು ತಪ್ಪಿದೆ ಅಂತ ಒಂದು ಮಾತು ಬರ್ದುಕೊಡು, ಅವರಿಗೆ ಕಳಿಸ್ತೀನಿ."

ಅಣ್ಣ ಕನ್ನಡಕ ತೆಗೆದುಕೊಂಡು ಮಿಷನ್ನಿಗೆ ಇಟ್ಟ. ಚುಕ್ಕೆ ಹಾಕಿದ. ಸ್ಕೇಲು ಹಿಡಿದ. ಒರೆಸಿ ಮತ್ತೊಮ್ಮೆ ಚುಕ್ಕೆ ಹಾಕಿ ಅಳೆದ. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಅರವತ್ತಾರು. ಪವರ್ ಸರಿ, ಗಾಜು ಚೊಕ್ಕ, ಕೂದಲೆಳೆಯಷ್ಟೂ ತಪ್ಪಿಲ್ಲ. ನಮ್ಮ ಬೆಲೆಯ ಮೂರರಲ್ಲಿ ಒಂದು ಪಾಲಿಗೆ, ಅಣ್ಣನನ್ನು ಕಂಡು ಕೇಳಿ ಅರಿಯದವರು, ಅಣ್ಣ ಬರೆದದ್ದನ್ನು ಅಕ್ಷರಶಃ ನಂಬಿ ಮಾಡಿ ಕಳಿಸಿದ್ದರು.

"ಟೀಚರಮ್ಮ, ಅವರು ಸರಿಯಾಗೇ ಮಾಡಿದ್ದಾರೆ. ಅಳತೆ ತಪ್ಪಿರೋದು ನಂದು" ಎಂದ ಅಣ್ಣ.

ಟೀಚರಮ್ಮ ನಕ್ಕುಬಿಟ್ಟರು. "ನನಗೆ ನಾಚಿಕೆ ಆಗಬಾರದು ಅಂತ ಹೇಳ್ತಿದ್ದೀಯ, ನನಗೆ ಗೊತ್ತಾಗಲ್ವಾ? ಅರ್ಧ ಎಂಎಂ ತಪ್ಪೋನಲ್ಲ ನೀನು. ಚಿಕ್ಕಂದಿನಿಂದ ನೋಡಿದ್ದೀನಿ. ಅಗ್ಗಕ್ಕೆ ಆಸೆಪಟ್ಟೆ, ಅನುಭವಿಸ್ದೆ. ಹೋಗ್ಲಿ, ಬರ್ದುಕೊಡೋದೂ ಬೇಡ. ನನಗೊಂದು ಹೊಸದು ಹಾಕಿಕೊಡು, ನಿನ್ನ ಬೆಲೆಗೇ."

ಅಣ್ಣನ ತುಟಿ ಅಲುಗಿತು. ಬೇಕಂತಲೇ ಮಾಡಿದೆ ಎನ್ನುವ ಇನ್ನೊಂದು ಮಾತು ಉಳಿದಿತ್ತು. ಅದು ಹೊರಗೆ ಬರಲಿಲ್ಲ. ಹೊಸ ಕನ್ನಡಕಕ್ಕೆ ದುಡ್ಡು ಬೇಡ ಎಂದ. ಅವರು ಕೇಳದೆ ಗಲ್ಲಾದ ಮೇಲಿಟ್ಟು ಹೋದರು.

ಅಲ್ಲಿಗೆ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಟೀಚರಮ್ಮ ಊರಿಗೆಲ್ಲ ಹೇಳಿದರು. ಪ್ಲಾಸ್ಟರ್ ಹಾಕಿದ ಕೈ ತೋರಿಸಿ, ಹೊರದೇಶದ ಕನ್ನಡಕದ ಗತಿ ನೋಡಿ, ನಾಲ್ಕು ಕಾಸು ಹೆಚ್ಚಾದರೂ ನಮ್ಮ ಹುಡುಗನ ಹತ್ತಿರ ಹೋಗಿ ಎಂದರು. ಅವರ ಹಳೆಯ ವಿದ್ಯಾರ್ಥಿಗಳು ಊರ ತುಂಬ. ಒಂದೇ ವಾರದಲ್ಲಿ ಹದಿನೇಳು ಜನ ಬಂದರು. ಬ್ಯಾಂಕಿನ ಗುಮಾಸ್ತನೂ ಬಂದ, "ದುಡ್ಡಿಗಿಂತ ಕಣ್ಣು ಮುಖ್ಯ ಬಿಡಿ" ಎಂದ. ಎಷ್ಟೋ ದಿನಗಳ ಮೇಲೆ ಗಲ್ಲಾ ತುಂಬಿತು. ಅಣ್ಣ ಒಬ್ಬೊಬ್ಬರ ಮುಂದೆಯೂ ಕೂತು ಸ್ಕೇಲು ಇಟ್ಟ. ಆದರೆ ನನ್ನ ಎಡಗಣ್ಣು ನೋಡಿ ಎನ್ನಲು ಅವನಿಗೆ ಆಗುತ್ತಿರಲಿಲ್ಲ. ಗೋಡೆ ನೋಡಿ ಎನ್ನುತ್ತಿದ್ದ. ಅಳತೆ ತಪ್ಪುತ್ತಿತ್ತು. ಮೂರು ಮೂರು ಸಲ ಅಳೆಯುತ್ತಿದ್ದ. ಎಂಟನೆಯ ದಿನ ಸ್ಕೇಲನ್ನು ನನ್ನ ಕೈಗೆ ಕೊಟ್ಟು, "ನನ್ನ ಕೈಲಾಗಲ್ವೇ, ಮುಚ್ಚಿಬಿಡೋಣ" ಎಂದ.

ತಿಂಗಳೊಳಗೆ ಮುಚ್ಚಿದೆವು. ಕೊನೆಯ ದಿನ ಟೀಚರಮ್ಮ ಹೊಸ ಕನ್ನಡಕ ಹಾಕಿಕೊಂಡೇ ಬಂದಿದ್ದರು. "ನಮ್ಮಂಥವರಿಂದಲೇ ನಿನಗೆ ಹೀಗಾಯ್ತು, ಕ್ಷಮಿಸಪ್ಪ" ಎಂದು ಅಣ್ಣನ ಕೈ ಹಿಡಿದು ಅತ್ತರು. ಅಣ್ಣ ತಲೆ ಎತ್ತಲಿಲ್ಲ.

ಈಗ ಅವನು ಮನೆಯಲ್ಲೇ ಇರುತ್ತಾನೆ. ಕ್ಯಾಲೆಂಡರನ್ನು ನಾನೇ ನೇರ ಮಾಡುತ್ತೇನೆ. ಹೊರದೇಶದ ಅಗ್ಗದ ಬೆಲೆ ನಿಮ್ಮಣ್ಣನ ಅಂಗಡಿಯನ್ನು ನುಂಗಿಹಾಕಿತು ಎಂದು ಬೀದಿಯವರು ಮರುಗಿದರೆ, ಹೌದು ಎನ್ನುತ್ತೇನೆ. ಇಷ್ಟು ಬಾಯಿರುವವಳು ನಾನು. ಅವತ್ತು ಕಾರ್ಡು ನನ್ನ ಮುಂದೆಯೇ ಇತ್ತು. ಅಣ್ಣಾ, ಇದರಲ್ಲಿ ಅರವತ್ತೊಂದಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.