ಪಾಪಕ್ಕ ಕಂಡ ಉಪ್ಪಿಟ್ಟಿನ ಸ್ಟ್ರೈಕು

ಚಿನ್ನದ ಗಣಿಯ ಊರಿಗಾಮಿನಲ್ಲಿ ಕಾರ್ಮಿಕರ ಲೈನ್ ಮನೆಗಳ ಮಕ್ಕಳಿಗೆ ಅಆಇಈ ಬರುವುದಕ್ಕೆ ಮೊದಲೇ ಸ್ಟ್ರೈಕ್ ಮಾಡುವುದು ಹೇಗೆಂದು ಗೊತ್ತಿರುತ್ತಿತ್ತು. ಗಣಿ ಕೆಲಸದ ಅಪ್ಪಂದಿರ ಹೆಗಲೇರಿ ಯೂನಿಯನ್ ಮೀಟಿಂಗು ನೋಡಿ ಬೆಳೆದವರಲ್ಲವೇ! ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ದಿನಾ ಬೆಳಗಿನ ರೈಲಿಗೆ ಬಂದು ಸ್ಕೂಲಿನಲ್ಲಿ ಅಡುಗೆ ಮಾಡುತ್ತಿದ್ದ ಪಾಪಕ್ಕನಿಗೆ ಮಾತ್ರ ಈ ವಿದ್ಯೆಯ ಗಾಳಿಯೂ ಸೋಕಿರಲಿಲ್ಲ.

ಅರವತ್ತರ ದಶಕದ ಮಾತು. ಮಧ್ಯಾಹ್ನದ ಊಟಕ್ಕೆಂದು ಅಮೆರಿಕದಿಂದ ಹಳದಿ ಮುಸುಕಿನ ಜೋಳದ ರವೆ ಬರುತ್ತಿತ್ತು. ಅಂಥ ರವೆಯನ್ನು ಪಾಪಕ್ಕನ ಹಳ್ಳಿಯಲ್ಲಿ ಯಾರೂ ಕಂಡವರಲ್ಲ. ಕುದಿಯುವ ನೀರಿಗೆ ಸುರಿದು, ಉಪ್ಪು ಹಾಕಿ, ಮುದ್ದೆ ತಿರುವಿದಂತೆ ರಪರಪ ತಿರುವಿ ಇಳಿಸಿ ಅದಕ್ಕೆ ಉಪ್ಪಿಟ್ಟು ಎಂದು ಹೆಸರಿಟ್ಟಿದ್ದಳು. ಮಕ್ಕಳು ಎರಡು ತುತ್ತು ತಿಂದು ಮಿಕ್ಕದ್ದನ್ನು ಬೇಲಿಯಾಚೆಯ ಹಸುಗಳಿಗೆ ಹಾಕುತ್ತಿದ್ದರು. ಕೊಬ್ಬು, ಬರೀ ಕೊಬ್ಬು ಎಂದು ಪಾಪಕ್ಕ ಗೊಣಗುತ್ತಿದ್ದಳು.

ಹೆಡ್‌ಮಾಸ್ಟರ್ ಜಯರಾಮಪ್ಪನವರ ತಾಳ್ಮೆ ಒಂದು ದಿನ ಮುಗಿಯಿತು.

"ನೋಡು ಪಾಪಕ್ಕ, ನಾಳೇನೂ ಊಟ ಹಸುಗಳ ಪಾಲಾದ್ರೆ ಅಡುಗೆಮನೆಗೆ ಬೀಗ ಹಾಕಿಬಿಡ್ತೀನಿ."

ಈ ಕೆಲಸ ಹೋದರೆ ಪಾಪಕ್ಕ ಮತ್ತೆ ಕಂಡವರ ಹೊಲದಲ್ಲಿ ಬೆನ್ನು ಬಗ್ಗಿಸಿ ಕಳೆ ಕೀಳಬೇಕು.

ಮಾರನೆಯ ದಿನ ಉಪ್ಪಿಟ್ಟಿನ ಹಂಡೆ ಹೊತ್ತು ಹೊರಗೆ ಬಂದರೆ, ಮಕ್ಕಳೆಲ್ಲ ಸಾಲಾಗಿ ಕೂತು ತಟ್ಟೆಗಳನ್ನು ಬೋರಲು ಹಾಕಿದ್ದಾರೆ! ಕಲ್ಲಿನ ಮೇಲೆ ನಿಂತು ಮುಷ್ಟಿ ಎತ್ತಿದವಳು ಯೂನಿಯನ್ ಆಂಜಿನಪ್ಪನ ಮಗಳು ಕದಿರಮ್ಮ.

"ಏನ್ ಬಂತ್ರಲಾ ನಿಮ್ಗೆ? ತಟ್ಟೆ ಎತ್ರಲಾ!"

"ನಮ್ ಡಿಮ್ಯಾಂಡ್ ಒಪ್ಪೋವರ್ಗೂ ಎತ್ತಲ್ಲ ಪಾಪಕ್ಕ," ಎಂದಳು ಕದಿರಮ್ಮ.

"ಅದೇನು ಬೇಕೋ ಒದರ್ರಿ!"

"ರಸಂ ವೇಣುಂ!" ಎಂದು ತಮಿಳಿನ ಆರುಮುಗಂ ಕೂಗಿದ. ತೆಲುಗಿನ ಸಾಲಿನಿಂದ "ಆವಕಾಯ ಕಾವಾಲ!" ಎಂದು ಉಪ್ಪಿನಕಾಯಿಗೆ ಬೇಡಿಕೆ ಬಂತು. ಕನ್ನಡದ ಚಿಕ್ಕವೆಂಕಟಪ್ಪ ಎದ್ದು ನಿಂತು, "ಇದ್ನ ಬುಟ್ಟು ರಾಗಿ ಮುದ್ದೆ ಮಾಡು!" ಎಂದ. ಮುದ್ದೆಯೇ, ಗಂಟಲಿಗೆ ಅಂಟಿಕೊಳ್ಳುತ್ತೆ ಎಂದು ಆರುಮುಗಂ ನಕ್ಕ. ನಿನ್ನ ರಸಂ ಬರೀ ನೀರು ಎಂದು ಚಿಕ್ಕವೆಂಕಟಪ್ಪ ಏರಿಹೋದ. ಒಗ್ಗಟ್ಟೆಲ್ಲ ನೀರುಪಾಲು.

ಪಾಪಕ್ಕನ ತಲೆ ಓಡಿತು. "ಎಲ್ರೂ ಸೇರಿ ಒಂದೇ ಒಂದು ಮಾತು ಯೋಳ್ರಿ. ಅದನ್ನ ಮಾಡ್ತೀನಿ. ಆಮ್ಯಾಕೆ ಮಾತಾಡ್ದೆ ಉಣ್ಣಬೇಕು." ಈ ಜನ್ಮದಲ್ಲಿ ಇವರು ಒಪ್ಪುವುದುಂಟೇ ಎಂಬ ಧೈರ್ಯ ಅವಳದು.

ಮಕ್ಕಳು ಗುಂಪು ಕಟ್ಟಿ ಗುಸುಗುಸು ಮಾಡಿದರು. ಕದಿರಮ್ಮ ಬಂದು ನಿಂತಳು.

"ಎಲ್ರೂ ಒಪ್ಪಿದೀವಿ. ನೀನೂ ನಮ್ಜೊತೆ ಕುಂತು ಇದ್ನೇ ಉಣ್ಣಬೇಕು."

ಪಾಪಕ್ಕ ಕಕ್ಕಾಬಿಕ್ಕಿಯಾದಳು. ಮಕ್ಕಳ ಪಾಲಿಗೆ ಕೈ ಹಾಕುವುದು ಪಾಪವೆಂದು ಅವಳು ಆವರೆಗೂ ಅದನ್ನು ನಾಲಿಗೆಗೂ ಸೋಕಿಸಿರಲಿಲ್ಲ. ಪಾತ್ರೆ ತೊಳೆದ ಮೇಲೆ, ಹಿತ್ತಲಲ್ಲಿ ಮನೆಯಿಂದ ತಂದ ತಂಗಳು ಮುದ್ದೆ ನುಂಗುವುದೇ ಅವಳ ಊಟ. ಇನ್ನು ಮನೆಯಲ್ಲಂತೂ, ಮದುವೆಯಾದಂದಿನಿಂದ ಬಾ ಕೂತು ಉಣ್ಣು ಎಂದವರೇ ಇಲ್ಲ. ಕೂತಳು. ಬಡಿಸಿಕೊಂಡಳು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ.

ಮೊದಲ ತುತ್ತಿಗೇ ಹಸಿ ವಾಸನೆ, ಗಂಟು ಗಂಟು. ಗಂಟಲು ಬೇಡವೆಂದಿತು. ಸುಳ್ಳು ಹೇಳಿದರೆ ಕೆಲಸ ಉಳಿದೀತು, ಆದರೆ ಮುಖ ಆಗಲೇ ಎಲ್ಲವನ್ನೂ ಹೇಳಿಬಿಟ್ಟಿತ್ತು.

"ಅಯ್ಯಯ್ಯೋ! ಇದ್ನ ನಾನಾ ಮಾಡಿದ್ದು? ಬೇಲಿ ಪಕ್ಕದ ಅಸುಗಳು ಅದೆಂಗೆ ತಿಂದವೋ ಕಣ್ರಲಾ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊಟ್ಟ ಮಾತಿಗೆ ತಪ್ಪಬಾರದೆಂದು ನಗುತ್ತಲೇ ತಟ್ಟೆ ಎತ್ತಿ, ಪಾಪಕ್ಕನ ಜೊತೆ ತುತ್ತಿಗೆ ತುತ್ತು ನುಂಗಿದರು. ಖಾಲಿ ತಟ್ಟೆ ಕಂಡ ಜಯರಾಮಪ್ಪನವರು ತಮ್ಮ ಗದರಿಕೆಯೇ ಕೆಲಸ ಮಾಡಿತೆಂದು ಬೀಗಿದರು. ಬೀಗಲಿ ಬಿಡಿ.

ಮಾರನೆಯ ದಿನದಿಂದ ಪಾಪಕ್ಕ ರವೆ ಹುರಿದಳು, ಈರುಳ್ಳಿ ಮೆಣಸಿನಕಾಯಿಯ ಒಗ್ಗರಣೆ ಹಾಕಿದಳು, ಮಕ್ಕಳ ನಡುವೆ ಕೂತು ಬಿಸಿಯಾಗಿಯೇ ಉಂಡಳು. ತಕರಾರು ನಿಂತಿತೆಂದೇನಲ್ಲ; ಆರುಮುಗಂಗೆ ಕಡೆವರೆಗೂ ರಸಂ ಬೇಕೇ ಬೇಕಿತ್ತು. ಆದರೆ ಬೀಗದ ಮಾತು ಮತ್ತೆ ಬರಲಿಲ್ಲ.

ಆ ಭಾನುವಾರ ಮನೆಯಲ್ಲಿ ಗಂಡ ಮುನಿಸ್ವಾಮಪ್ಪ ಊಟಕ್ಕೆ ಕೂತ. ಪಾಪಕ್ಕ ಮೂರು ತಟ್ಟೆ ಇಟ್ಟು ಮೂರಕ್ಕೂ ಮುದ್ದೆ ಇಳಿಸಿದಳು.

"ಇದ್ಯಾರಿಗಮ್ಮಿ?"

"ನಂಗೊಂದು, ಅತ್ತೆಗೊಂದು. ಇಲ್ಲಾಂದ್ರೆ ನಾಳೆಯಿಂದ ಈ ಮನೇಲಿ ಸ್ಟ್ರೈಕು."

ಮುನಿಸ್ವಾಮಪ್ಪ ನಕ್ಕು ಪಕ್ಕಕ್ಕೆ ಸರಿದ. ಅತ್ತೆ ಅಶ್ವತ್ಥಮ್ಮ ಮಾತ್ರ, ಗಂಡಸು ಏಳುವ ಮುಂಚೆ ಹೆಂಗಸು ಕೂರುವುದೆಲ್ಲಾದರೂ ಉಂಟೇ ಎಂದು ಬೈಯುತ್ತಲೇ ಕೂತಳು. ಮುದ್ದೆ ಮುರಿದಳು, ಬೆರಳು ಸುಟ್ಟುಕೊಂಡಳು, ಸಾರಿಗೆ ಅದ್ದಿ ನುಂಗಿದಳು. ಬೈಗುಳ ನಿಂತುಹೋಯಿತು.

"ಬಿಸಿ ಮುದ್ದೆ ಇಂಗಿರ್ತದೇನೇ ಪಾಪಿ!" ಎಂದಳು. "ಇಷ್ಟು ವರ್ಷ ತಿರುವಿದ್ದೊಂದೇ ಬಂತು ನಂಗೆ."