ನಾಲ್ಕನೆಯವನ ಟಿಕೆಟ್

ಯೋಜನೆ ಹಾಕುವುದೇ ನನ್ನ ಹೊಟ್ಟೆಪಾಡು. ಅಬುಧಾಬಿಯ ಒಂದು ಕಾರ್ಖಾನೆಯಲ್ಲಿ ಯಾವ ಯಂತ್ರವನ್ನು ಯಾವಾಗ ನಿಲ್ಲಿಸಬೇಕು, ಯಾರು ಬಿಚ್ಚಬೇಕು, ಯಾವಾಗ ಮತ್ತೆ ಓಡಿಸಬೇಕು ಎಂದು ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡುವವನು ನಾನು. ಹಾಗಾಗಿ ಆ ಬೇಸಗೆಗೆ ನಾರ್ವೆಯ ಕರಾವಳಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾದಾಗ, ಇದೇನು ಮಹಾ, ಒಂದೆರಡು ಶನಿವಾರದಲ್ಲಿ ಮುಗಿಸಿಬಿಡುತ್ತೇನೆ ಎಂದು ಜಂಬದಿಂದಲೇ ಲ್ಯಾಪ್‌ಟಾಪ್ ತೆರೆದು ಕೂತೆ.

ನಿಜ ಹೇಳಬೇಕೆಂದರೆ ನನಗೆ ನಾರ್ವೆಯ ಮೇಲೆ ಮೋಹವೇನೂ ಇರಲಿಲ್ಲ. ಉಡುಪಿ ಕಡೆಯ ಸಮುದ್ರದ ಪಕ್ಕದಲ್ಲೇ ಬೆಳೆದವನು ಇನ್ನೊಂದು ಸಮುದ್ರ ನೋಡಲು ಅಷ್ಟು ದೂರ ಹೋಗುವುದು ತಲೆ ಕೆಟ್ಟವರ ಕೆಲಸ ಎಂದೇ ಅಂದುಕೊಂಡಿದ್ದೆ. ಆದರೆ ನನ್ನ ಹೆಂಡತಿ ಈ ದೇಶದಿಂದ ಹೊರಗೆ ಕಾಲಿಡದೆ ನಾಲ್ಕು ವರ್ಷವಾಗಿತ್ತು. ನಮ್ಮ ಎರಡನೆಯ ಮಗ ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇದ್ದು, ಹೆಸರಿಡುವುದಕ್ಕೂ ಮೊದಲೇ ಹೋಗಿಬಿಟ್ಟ. ನಮ್ಮಲ್ಲಿ ಹಾಲುಗೂಸುಗಳನ್ನು ಸುಡುವುದಿಲ್ಲ, ಹೂಳುತ್ತಾರೆ. ಅಬುಧಾಬಿಯ ಹೊರವಲಯದ ಸ್ಮಶಾನದ ಮರಳಿನಲ್ಲಿ ಅವನನ್ನು ಮಲಗಿಸಿ, ತಲೆಯ ಕಡೆ ಗುರುತಿಗೊಂದು ಕಲ್ಲಿಟ್ಟು ಬಂದೆ. ಹೆಂಡತಿ ಆಗಿನ್ನೂ ಆಸ್ಪತ್ರೆಯಲ್ಲೇ ಇದ್ದಳು.

ಆಮೇಲೆ ಪ್ರತಿ ಬೇಸಗೆಯಲ್ಲೂ ಅವಳದ್ದೊಂದು ನೆಪ. ಮಗಳಿಗೆ ಟ್ಯೂಷನ್ ಉಂಟು, ಊರಲ್ಲಿ ಮಳೆ ಜಾಸ್ತಿ, ಟಿಕೆಟ್ ದುಬಾರಿ. ಮಗುವನ್ನು ಬಿಟ್ಟು ಹೋಗಲಾರಳು ಎಂದು ಇಬ್ಬರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಅಂಥವಳು ಒಂದು ದಿನ ಟಿವಿಯಲ್ಲಿ ನೀರಿನಂಚಿಗೆ ಕಂಬ ನೆಟ್ಟು ಕಟ್ಟಿದ ಕೆಂಪು ಮನೆಗಳನ್ನು ನೋಡುತ್ತಾ, "ಇಲ್ಲಿಗೆ ಬೇಕಾದ್ರೆ ಹೋಗುವ" ಅಂದಳು. ಮನಸ್ಸು ಬದಲಾಗುವ ಮೊದಲೇ ನಾನು ರಜೆಗೆ ಅರ್ಜಿ ಹಾಕಿದೆ. ಇವಳನ್ನು ಒಂದು ಸಲ ವಿಮಾನ ಹತ್ತಿಸಿಬಿಟ್ಟರೆ ನಾವು ಮತ್ತೆ ಮನುಷ್ಯರಂತೆ ಬದುಕಬಹುದು ಎಂಬ ಆಸೆ ನನಗೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು, ಎಸಿ ಹಾಕಿ, ಮೂವರೂ ಟಿವಿ ಮುಂದೆ ಕೂರುತ್ತಿದ್ದೆವು. ಬರ್ಗೆನ್‌ನಿಂದ ಉತ್ತರಕ್ಕೆ ಹೋಗುವ ಹಡಗಿನ ಮೂತಿಗೆ ಯಾರೋ ಕ್ಯಾಮರಾ ಕಟ್ಟಿ ತೆಗೆದ ಉದ್ದನೆಯ ವಿಡಿಯೋ ಅದು. ಮಾತಿಲ್ಲ, ಸಂಗೀತವಿಲ್ಲ. ಬೆಟ್ಟಗಳ ಸಂದಿಯಲ್ಲಿ ಒಳಗೆ ನುಗ್ಗಿದ ಸಮುದ್ರ, ಒಂದೊಂದು ಬಂದರು, ಬಂದರಿನ ಹಿಂದೆ ಒಂದು ಬೀದಿ. ಹಡಗು ಲೊಫೋಟನ್ ದ್ವೀಪಗಳ ಹತ್ತಿರ ಬಂದಾಗ ಹತ್ತು ವರ್ಷದ ನಮ್ಮ ಮಗಳು ಕೇಳಿದಳು, "ವೇರ್ ಈಸ್ ಎವ್ರಿಬಡಿ?"

ನೋಡಿದರೆ ಹೌದು. ಬಿಸಿಲು ಬಿದ್ದಿದೆ, ಹೊರಗೆ ಸೈಕಲ್ ಒರಗಿಸಿದೆ, ಹಗ್ಗದ ಮೇಲೆ ಬಟ್ಟೆ ಆಡುತ್ತಿದೆ, ಒಂದು ನರಪಿಳ್ಳೆಯೂ ಇಲ್ಲ. ಅಲ್ಲಿ ಬೇಸಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಇದು ನಡುರಾತ್ರಿ, ಎಲ್ಲರೂ ಮಲಗಿದ್ದಾರೆ ಎಂದು ವಿವರಿಸಿದೆ. ಅವಳು ಎದ್ದು ಹೋಗಿ ಪರದೆ ಸರಿಸಿದಳು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಬೀದಿಯೂ ಅದೇ ಥರ ಬೆಳಗುತ್ತಿತ್ತು. ಸಾಲಾಗಿ ಕಾರುಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ, ಜನರಿಲ್ಲ. ನನಗೇಕೋ ಇರಿಸುಮುರಿಸಾಯಿತು. ಪರದೆ ಮುಚ್ಚಲು ಹೇಳಿದೆ.

ಈ ನಡುವೆ ಊರಿನಿಂದ ನನ್ನ ಅಮ್ಮನ ಫೋನ್ ಬಂತು. ಹೊರಡುವ ದಿನ, ಗಳಿಗೆ ಎಲ್ಲ ವಿಚಾರಿಸಿ ಆದ ಮೇಲೆ ಕೇಳಿದಳು, "ಎಷ್ಟು ಜನ?"

"ಇನ್ನೆಷ್ಟು, ಮೂರು."

"ಮೂರು ಜನ ಹೊರಡ್ಲಿಕ್ಕಿಲ್ಲ ಮಗಾ. ಒಂದು ಕಲ್ಲಾದ್ರೂ ಒಟ್ಟಿಗೆ ಇಟ್ಕೊಳ್ಳಿ."

ನಮ್ಮ ಕಡೆ ಇದು ಹಳೆಯ ರೂಢಿ. ಒಳ್ಳೆಯ ಕೆಲಸಕ್ಕೆ ಮೂವರು ಹೊರಟರೆ ಆಗುವುದಿಲ್ಲವಂತೆ. ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ನಾಲ್ಕು ಮಂದಿ ಎಂದು ಲೆಕ್ಕ ಹಿಡಿಯುತ್ತಾರೆ. "ಕಲ್ಲಿಗೆ ವೀಸಾ ಕೊಡ್ತಾರಾ ಅಮ್ಮ?" ಎಂದು ನಾನು ಕೀಟಲೆ ಮಾಡಿದೆ. ಸ್ಪೀಕರ್‌ನಲ್ಲಿದ್ದ ಮಾತನ್ನು ಕೇಳಿಸಿಕೊಂಡ ಹೆಂಡತಿ ಮಾತ್ರ ನಗಲಿಲ್ಲ. "ಅತ್ತೆ ಹೇಳಿದ್ದು ಮಾಡಿ, ನಿಮಗೇನು ಕಷ್ಟ?" ಅಂದಳು. ಮರುದಿನ ಕಾರ್ಖಾನೆಯ ಗೇಟಿನ ಹತ್ತಿರ ಬಿದ್ದಿದ್ದ, ತೆಂಗಿನಕಾಯಿಯಷ್ಟು ದಪ್ಪದ ಒಂದು ಒರಟು ಕಲ್ಲನ್ನು ತಂದು ಟಿವಿ ಪಕ್ಕ ಇಟ್ಟೆ. ಚಿಕ್ಕದು ಸಿಗಲಿಲ್ಲ ಎಂದಲ್ಲ, ಕೀಟಲೆ ಮಾಡುವುದಾದರೆ ಸರಿಯಾಗಿಯೇ ಮಾಡೋಣ ಎಂದು.

ಕೀಟಲೆ ಅಲ್ಲಿಗೇ ನಿಂತಿತು. ಕೆಲವು ದಿನಗಳಲ್ಲಿ ಕಲ್ಲಿಗೆ ಒಂದು ಹಳದಿ ಟವೆಲ್ ಸುತ್ತಿಕೊಂಡಿತು. ಟಿವಿಗೆ ಗೀರು ಬೀಳಬಾರದೆಂದು ಇರಬಹುದು ಅಂದುಕೊಂಡೆ. ಮುಂದಿನ ಶನಿವಾರ ಆ ಗಂಟು ಸೋಫಾದ ಮೇಲಿತ್ತು, ಟಿವಿಗೆ ಮುಖ ಮಾಡಿದಂತೆ. ಮಗಳು ಅದನ್ನು ಕಾರಿನ ಹಿಂದಿನ ಸೀಟಿಗೆ ಏರಿಸಿ ಬೆಲ್ಟ್ ಹಾಕತೊಡಗಿದಳು. ತಿರುವಿನಲ್ಲಿ ನಾನು ಸ್ವಲ್ಪ ಜೋರಾಗಿ ತಿರುಗಿಸಿದರೆ ಹಿಂದಿನಿಂದ, "ಗೋ ಸ್ಲೋ ಪಪ್ಪಾ. ಹಿ ಗೆಟ್ಸ್ ಕಾರ್‌ಸಿಕ್."

"ಅವನು ಅಂತ ನಿನಗೆ ಯಾರು ಹೇಳಿದ್ದು?"

"ಅಮ್ಮ."

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಗದರಿಸಬೇಕೆಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಯಾಕೆಂದರೆ ಈ ಕಲ್ಲು ಮನೆಗೆ ಬಂದ ಮೇಲೆಯೇ ಅವಳು ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದಳು, ಸ್ವೆಟರ್ ಹುಡುಕುತ್ತಿದ್ದಳು, ಯಾವ ದ್ವೀಪದಲ್ಲಿ ಎಷ್ಟು ದಿನ ಇರುವುದು ಎಂದು ನನ್ನೊಡನೆ ಜಗಳ ಆಡುತ್ತಿದ್ದಳು. ಹೇಗೋ ಹೊರಟರೆ ಸಾಕು ಎಂದು ಸುಮ್ಮನಾದೆ.

ಒಂದು ಮಧ್ಯಾಹ್ನ ನಾನು ಟಿವಿಯಲ್ಲಿ ಅದೇ ಬಂದರನ್ನು ನೋಡುತ್ತಾ, ಪಕ್ಕದಲ್ಲಿ ಕೂತ ಮಗಳಿಗೆ "ಇಲ್ಲಿ ಎರಡು ದಿನ ಉಳಿಯುವ, ಆಗಬಹುದಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಗಳು ಕೆಮ್ಮಿದ್ದು ಕೇಳಿಸಿತು. ಪಕ್ಕಕ್ಕೆ ತಿರುಗಿದೆ. ಹಳದಿ ಟವೆಲ್ಲಿನ ಗಂಟು. ಎಸಿಗೆ ಇಡೀ ಹಾಲ್ ತಣ್ಣಗಾಗಿತ್ತು, ಗಂಟಿನ ಮೇಲೆ ಕೈಯಿಟ್ಟರೆ ಅದು ಬೆಚ್ಚಗಿತ್ತು. ಹೆಂಡತಿ ಆಗಷ್ಟೇ ಮಡಿಲಿನಿಂದ ಕೆಳಗಿಟ್ಟು ಎದ್ದು ಹೋಗಿದ್ದಿರಬೇಕು, ಬೇರೇನಲ್ಲ. ಆದರೂ ಎದ್ದು ಎಲ್ಲ ದೀಪ ಹಾಕಿದೆ.

ಮರುದಿನ ಟ್ರಾವೆಲ್ ಏಜೆಂಟ್ ಫೋನ್ ಮಾಡಿದ. ಭಟ್ಕಳದವನು, ಬಾಯಿಯೂ ಚುರುಕು, ಕೆಲಸವೂ ಚುರುಕು. "ಸಾರ್, ಸೀಟು ಹಿಡಿದಿಟ್ಟಿದ್ದೇನೆ, ನಾಳೆ ಸಂಜೆಗೆ ಖಲಾಸ್. ಮೂವರದ್ದು ಪಾಸ್‌ಪೋರ್ಟ್ ಕಾಪಿ ಬಂದಿದೆ. ಚಿಕ್ಕವನದ್ದು ಬಾಕಿ."

"ಯಾವ ಚಿಕ್ಕವನು?"

"ಮೇಡಂ ಫೋನಲ್ಲಿ ನಾಲ್ಕು ಅಂದ್ರಲ್ಲ ಸಾರ್. ಮಗನಿಗೆ ನಾಲ್ಕು ವರ್ಷ, ಕಿಟಕಿ ಪಕ್ಕ ಸೀಟು ಬೇಕು ಅಂತ."

ಮನೆಗೆ ಬಂದವನು ನೇರವಾಗಿ ಗಂಟಿಗೆ ಕೈ ಹಾಕಿ ಟವೆಲ್ ಬಿಚ್ಚಿದೆ. ಎತ್ತಿ ಹೊರಗೆ ಎಸೆಯುವ ಸಿಟ್ಟು ಬಂದಿತ್ತು. ಆದರೆ ಕೈಯಲ್ಲಿದ್ದದ್ದು ನಾನು ತಂದ ಒರಟು ಕಲ್ಲಲ್ಲ. ನುಣ್ಣನೆಯ ಕಂದು ಕಲ್ಲು, ಮಧ್ಯದಲ್ಲೊಂದು ಬಿಳಿ ಗೆರೆ.

"ನೀವು ತಂದದ್ದು ಚಪ್ಪಲಿ ಸ್ಟ್ಯಾಂಡಿನ ಹತ್ರ ಉಂಟು" ಅಂದಳು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಇದೆಲ್ಲಿಂದ ಬಂತು?"

"ನೀವೇ ಇಟ್ಟದ್ದಲ್ವಾ ಅವನ ತಲೆ ಹತ್ರ? ಗುರುತು ಸಿಗ್ಲಿಲ್ವಾ?"

ಗುರುತು ಸಿಕ್ಕಿತು. ಹೂತ ದಿನ ಆ ಬಿಳಿ ಗೆರೆ ಮೇಲೆ ಕಾಣುವಂತೆ ತಿರುಗಿಸಿ ಇಟ್ಟವನು ನಾನೇ. ಮಗಳನ್ನು ಶಾಲೆಗೆ ಬಿಟ್ಟು, ಅಲ್ಲಿಗೆ ಕಾರು ಓಡಿಸಿಕೊಂಡು ಹೋಗಿ ತಂದಿದ್ದಳು. ಇವಳನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ಆ ಹೊತ್ತು ಗಾಬರಿಯಾಯಿತು.

ಮರುದಿನ ಬೆಳಿಗ್ಗೆ ಆಫೀಸಿಗೆಂದು ಹೊರಟವನು ಚಪ್ಪಲಿ ಸ್ಟ್ಯಾಂಡಿನ ಕಲ್ಲನ್ನು ಕಾರಿಗೆ ಹಾಕಿಕೊಂಡು ಸ್ಮಶಾನಕ್ಕೆ ಹೋದೆ. ಅಲ್ಲಿ ಗುರುತಿಲ್ಲದೆ ಬಿಡುವುದು ಸರಿಯಲ್ಲ, ಇದನ್ನಾದರೂ ಇಟ್ಟು ಬರೋಣ ಎಂದು. ಗೇಟಿನ ಒಳಗೆ ಹೋಗಿ ನೋಡಿದರೆ ಮೂಲೆಯ ತುಂಬ ಗೇಣುದ್ದದ ದಿಬ್ಬಗಳು, ಗಾಳಿಗೆ ಸವೆದು ಎಲ್ಲವೂ ಒಂದೇ ಥರ. ಕೆಲವಕ್ಕೆ ಕಲ್ಲು, ಕೆಲವಕ್ಕೆ ಏನೂ ಇಲ್ಲ. ಆಕಾಶ ಧೂಳಿನಿಂದ ಬೆಳ್ಳಗಾಗಿತ್ತು, ನೆರಳೆಂಬುದೇ ಬೀಳುತ್ತಿರಲಿಲ್ಲ. ಹೂತ ದಿನದ ನಂತರ ನಾನು ಬಂದವನೇ ಅಲ್ಲ. ಕಲ್ಲು ಹೊತ್ತುಕೊಂಡು ಒಂದರಿಂದ ಇನ್ನೊಂದಕ್ಕೆ ಅಲೆದೆ. ನನ್ನ ಮಗ ಎಲ್ಲಿದ್ದಾನೆಂದು ನನಗೆ ಗೊತ್ತಾಗಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, "ಅಲ್ಲಿದ್ದೀರಾ?"

"ಸಿಗ್ತಾ ಇಲ್ಲ ಮಾರಾಯ್ತಿ."

"ನೀರಿನ ಪಂಪಿನ ಸದ್ದು ಕೇಳ್ತಾ ಉಂಟಲ್ಲ, ಅದಕ್ಕೆ ಬೆನ್ನು ಹಾಕಿ. ಗೋಡೆ ಕಡೆ ಬನ್ನಿ. ಇನ್ನೂ ಬನ್ನಿ." ಫೋನಿನಲ್ಲಿ ಅವಳು ಪಂಪಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಸದ್ದು ಸಣ್ಣಗಾದಂತೆ ಅವಳ ದನಿಯೂ ಸಣ್ಣಗಾಯಿತು. "ಮೆಲ್ಲ. ಮೆಲ್ಲ ನಡೀರಿ. ಹಾಂ, ನಿಲ್ಲಿ. ಇನ್ನು ಮುಂದೆ ಕಾಲಿಡ್ಬೇಡಿ."

ಕೆಳಗೆ ನೋಡಿದೆ. ನನ್ನ ಬೂಟಿನ ಮುಂದೆಯೇ ಒಂದು ಪುಟ್ಟ ದಿಬ್ಬ, ಅದರ ತಲೆಯ ಕಡೆ ಕಲ್ಲು ಎತ್ತಿದ ಗುಳಿ. ಮರಳಿನ ಮೇಲೆ ಕೈಯಿಂದ ತಟ್ಟಿ ಸಮ ಮಾಡಿದ ಗುರುತುಗಳು, ಹೆಂಗಸಿನ ಕೈಯವು. ಅಲ್ಲೇ ಕೂತುಬಿಟ್ಟೆ.

"ಸಿಕ್ಕಿದನಾ?"

"ಹೂಂ."

ನಾನು ಅಳುತ್ತಿದ್ದದ್ದು ಅವಳಿಗೆ ಕೇಳಿಸಿರಬೇಕು. ಆಮೇಲೆ ಅವಳೇ ಹೇಳಿದಳು, "ಆಸ್ಪತ್ರೆಯಿಂದ ಬಂದ ಮೇಲೆ ಅಲ್ಲಿನ ಕಾವಲಿನವನನ್ನು ಕೇಳಿ ಹುಡುಕಿದ್ದೆ, ಆಮೇಲೆ ಹೋಗ್ತಾನೇ ಇದ್ದೆ. ದಾರಿ ಗೊತ್ತಿದ್ದದ್ದು ನನಗೆ ಒಬ್ಬಳಿಗೇ. ವಿಮಾನ ಹತ್ತಿ ನನಗೇನಾದ್ರೂ ಆದ್ರೆ ಅವನ ಹತ್ರ ಯಾರು ಬರ್ತಾರೆ ಅಂತ ಹೆದರಿಕೆ ಆಗ್ತಿತ್ತು. ನಿಮ್ಮನ್ನು ಕೇಳ್ಲಿಕ್ಕೂ ಹೆದರಿಕೆ. ಗೊತ್ತಿಲ್ಲ ಅಂತೀರೇನೋ ಅಂತ."

ಗುಳಿಯ ಅಂಚಿನಲ್ಲಿ ಉದುರಿದ್ದ ಮರಳನ್ನು ಬೆರಳಿನಿಂದ ಸಮ ಮಾಡಿದೆ.

"ಚಪ್ಪಲಿ ಸ್ಟ್ಯಾಂಡಿನ ಹತ್ರ ಇದ್ದ ಕಲ್ಲು ಕಾಣ್ತಾ ಇಲ್ಲ, ನೀವು ತಗೊಂಡು ಹೋದದ್ದಲ್ವಾ? ಅದನ್ನು ಇಡ್ಬೇಡಿ. ಅವನದ್ದನ್ನು ಶನಿವಾರ ಮೂವರೂ ಹೋಗಿ ಇಟ್ಟು ಬರುವ. ಏಜೆಂಟಿಗೆ ಫೋನ್ ಮಾಡಿ, ಮೂರೇ ಟಿಕೆಟ್ ಅಂತ ಹೇಳಿ."