ಮಂಗಳತ್ತೆ, ಆಷಾಢ ಮತ್ತು ನನ್ನ ವೀಸಾ

ಮಂಗಳತ್ತೆ ಯಾರ ಮನೆಗೆ ಹೋದರೂ ತಮ್ಮ ಲೋಟವನ್ನು ತಾವೇ ಕೊಂಡೊಯ್ಯುತ್ತಿದ್ದರು. ಮಡಿ ಮೈಲಿಗೆ ಅಂದುಕೊಳ್ಳಬೇಡಿ, ಆ ಕಾಯಿಲೆ ಅವರಿಗಿರಲಿಲ್ಲ. ಜನರ ಮನೆಯ ಲೋಟಗಳು ವರ್ಷದಿಂದ ವರ್ಷಕ್ಕೆ ಚಿಕ್ಕವಾಗುತ್ತಿವೆ ಎಂಬುದಷ್ಟೇ ಅವರ ದೂರು. ಬಟ್ಟೆಯ ಚೀಲದಿಂದ ಚೊಂಬಿನಷ್ಟು ದೊಡ್ಡ ಸ್ಟೀಲ್ ಲೋಟ ತೆಗೆದು ಟಣ್ಣೆಂದು ಮೇಜಿನ ಮೇಲಿಟ್ಟರೆ ಅಡುಗೆಮನೆಯಲ್ಲಿದ್ದವರಿಗೆ ಅದೇ ಸಮನ್ಸು. ಲೋಟದ ಕಂಠದ ಮೇಲೆ ‘ಸರ್ವಮಂಗಳಮ್ಮ, ಕಡೂರು’ ಎಂದು ಕೊರೆಸಿತ್ತು. ಅವರು ನನ್ನನ್ನು ನೋಡಲು ಅಜ್ಜಂಪುರಕ್ಕೆ ಬಂದ ದಿನ, ನಮ್ಮಮ್ಮ ತಂದಿಟ್ಟ ಹೂವಿನ ಚಿತ್ರದ ಕಪ್ಪನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಇದ್ರಾಗೆ ಕುಡುದ್ರೆ ನಾಲ್ಗೆಗೆ ಗೊತ್ತಾಯ್ತದೆ, ಗಂಟ್ಲಿಗೆ ಗೊತ್ತಾಗಲ್ಲ ಕಣಮ್ಮ” ಎಂದರು. ಆಮೇಲೆ ಚೀಲಕ್ಕೆ ಕೈ ಹಾಕಿದರು. ಅವತ್ತು ಹುಡುಗ ಏನು ಮಾತಾಡಿದನೋ ನನಗೆ ನೆನಪಿಲ್ಲ. ಲೋಟ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಆ ಹುಡುಗನೇ ಲೋಕೇಶ್, ನನ್ನ ಗಂಡ. ಮಂಗಳತ್ತೆ ಅವರ ಅಪ್ಪನ ಅಕ್ಕ. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಹಾಗಾಗಿ ಉಳಿದವರ ಮಕ್ಕಳೆಲ್ಲ ಅವರ ಆಡಳಿತಕ್ಕೆ ಸೇರಿದ್ದರು. ಕಡೂರಿನಲ್ಲಿ ಸ್ವಂತ ಮನೆ, ಕೆಳಗಡೆ ಬಾಡಿಗೆಯವರು. ಬಾಡಿಗೆಯವರು ಯಾವ ದಿನ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕು ಎಂಬುದನ್ನೂ ಮೇಲಿನ ಮನೆಯಲ್ಲೇ ತೀರ್ಮಾನಿಸಲಾಗುತ್ತಿತ್ತು. ತರೀಕೆರೆಯಲ್ಲಿ ತಮ್ಮನ ಸಂಸಾರ, ಎಂದರೆ ನನ್ನ ಅತ್ತೆ ಮಾವನ ಮನೆ. ನಮ್ಮ ಅಜ್ಜಂಪುರ ಈಚೆಗಷ್ಟೇ ತಾಲ್ಲೂಕಾಯಿತು. ಅದರ ಬೆನ್ನಿಗೇ ನನ್ನ ಮದುವೆಯ ಮೂಲಕ ಮಂಗಳತ್ತೆಯ ಸರಹದ್ದಿಗೂ ಸೇರಿಹೋಯಿತು.

ಅವರ ಮಾತೆಲ್ಲ ‘ಅದು ಹಂಗಲ್ಲ’ ಎಂಬಲ್ಲಿಂದ ಶುರುವಾಗುತ್ತಿತ್ತು. ಎದುರಿನವರು ಏನು ಹೇಳಿದ್ದಾರೆ ಎಂಬುದು ಮುಖ್ಯವಲ್ಲ. ಒಮ್ಮೆ ನನ್ನ ಮಾವ “ಅಕ್ಕ, ನೀನು ಹೇಳಿದ್ದೇ ಸರಿ” ಎಂದುಬಿಟ್ಟರು. “ಅದು ಹಂಗಲ್ಲ ಕಣೋ” ಎಂದು ಮಂಗಳತ್ತೆ ತಮ್ಮ ಮಾತನ್ನು ತಾವೇ ತಿದ್ದಲು ಕೂತರು.

ಲೋಕೇಶ್ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವವರು. ಮೊದಲು ನಮ್ಮ ಕಡೆಯ ಗುಡ್ಡಗಳ ಮೇಲೇ ಹತ್ತುತ್ತಿದ್ದರು. ಆಮೇಲೆ ಕಂಪನಿಯೊಂದು ಅವರನ್ನು ಹೊರದೇಶಕ್ಕೆ ಕರೆಸಿಕೊಂಡಿತು. ಯಾವ ದೇಶ ಎಂದು ಬರೆಯುವುದಿಲ್ಲ. ನನ್ನ ವೀಸಾ ಇನ್ನೂ ರಿನ್ಯೂ ಆಗುತ್ತಿರಬೇಕಲ್ಲ, ದೊಡ್ಡವರನ್ನು ಯಾಕೆ ಎದುರು ಹಾಕಿಕೊಳ್ಳಲಿ. ಮದುವೆಗೆಂದು ರಜೆ ಹಾಕಿ ಬಂದರು. ಐನೋರು ಕೊಟ್ಟದ್ದು ಜ್ಯೇಷ್ಠದ ಕೊನೆಯ ಲಗ್ನ. ಮದುವೆಯಾಗಿ, ಮನೆದೇವರಿಗೆ ಹೋಗಿ ಬಂದು, ನೆಂಟರ ಮನೆಗಳಲ್ಲಿ ಪಾಯಸ ಕುಡಿದು ಮುಗಿಸುವಷ್ಟರಲ್ಲಿ ಆಷಾಢ ಬಾಗಿಲಿಗೆ ಬಂತು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ಒಂದೆಡೆ ಇರಬಾರದು. ಇದು ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ. ಮಗನ ರಜೆಯೆಲ್ಲ ಆ ತಿಂಗಳಲ್ಲೇ ಇದೆ ಎಂದು ನನ್ನ ಅತ್ತೆ ಮೆಲ್ಲಗೆ ರಾಗ ಎಳೆದರು.

“ಅದು ಹಂಗಲ್ಲ” ಎಂದರು ಮಂಗಳತ್ತೆ. “ರಜ ಕೊಟ್ಟೋನು ಕಂಪನಿಯೋನು. ಆಷಾಢ ಕೊಟ್ಟೋನು ಅವನಲ್ವಲ್ಲ. ನಡಿಯೇ ಹುಡ್ಗಿ, ಸೀರೆ ಮಡಚ್ಕೊ.”

ನಾನು ಅಜ್ಜಂಪುರಕ್ಕೆ ಬಂದು, ಕ್ಲಿನಿಕ್ಕಿನ ಲ್ಯಾಬಿನಲ್ಲಿ ಮೊದಲಿನಂತೆ ಜನರ ರಕ್ತ ತೆಗೆಯುತ್ತ ಕೂತೆ. ಆ ತಿಂಗಳು ಸೂಜಿ ಚುಚ್ಚುವಾಗ ನನ್ನ ಕೈ ಅಷ್ಟೇನೂ ಹಗುರವಿರಲಿಲ್ಲ ಎಂದು ಜನ ಹೇಳುತ್ತಾರೆ. ಲೋಕೇಶ್ ತರೀಕೆರೆಯಲ್ಲಿದ್ದರು. ಮಂಗಳತ್ತೆ ಕಡೂರಿನ ಮನೆಗೆ ಬೀಗ ಹಾಕಿ ತಮ್ಮನ ಮನೆಯಲ್ಲಿ ಠಿಕಾಣಿ ಹೂಡಿದರು. ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ದನ ಕಾಯುವವರೂ ಅಷ್ಟು ಎಚ್ಚರದಿಂದ ಇರಲಾರರು.

ನಾವೂ ಸುಮ್ಮನಿರಲಿಲ್ಲ. ಮಂಗಳತ್ತೆ ಓರಗಿತ್ತಿಯನ್ನು ನೋಡಲು ಹೋಗುತ್ತಾರೆಂದು ತಿಳಿದ ದಿನ, ಲೋಕೇಶ್ ಗೆಳೆಯನ ಬೈಕಿನಲ್ಲಿ ಬುಕ್ಕಾಂಬುಧಿ ಕೆರೆಗೆ ಬಂದರು. ನಾನು ಮನೆಯಲ್ಲಿ ಕ್ಲಿನಿಕ್ಕೆಂದೂ ಕ್ಲಿನಿಕ್ಕಿನಲ್ಲಿ ಮನೆಯೆಂದೂ ಹೇಳಿ ಬಸ್ಸು ಹತ್ತಿದೆ. ಏರಿಯ ಮೇಲೆ ಕೂತು, ಕಟ್ಟಿಕೊಂಡ ಗಂಡನನ್ನು ಕದ್ದು ನೋಡುವ ಭಾಗ್ಯವನ್ನು ಅನುಭವಿಸುತ್ತಿದ್ದೆ. ಇಬ್ಬರದೂ ಒಂದು ಫೋಟೋ ತೆಗೆಯೋಣ ಎಂದು ಲೋಕೇಶ್ ಫೋನ್ ಎತ್ತಿದರು. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಲ್ದಾಣವಲ್ಲದ ಕಡೆ ನಿಂತಿತು. ಆ ಓರಗಿತ್ತಿ ಇರುವುದು ಅದೇ ದಾರಿಯ ಊರಿನಲ್ಲಿ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಚೀಲ ಹಿಡಿದು ಇಳಿದ ಮಂಗಳತ್ತೆ ನೇರ ಬಂದು ನಮ್ಮಿಬ್ಬರ ನಡುವೆ ನಿಂತರು.

“ಲೇ ಲೋಕೇಶ, ಗಾಡಿ ಹತ್ತು.”

“ಅತ್ತೆ, ಒಂದೇ ಒಂದು ಫೋಟೋ.”

“ಆಷಾಢದಾಗೆ ತೆಗ್ಸಿದ್ ಫೋಟೋನ ಗ್ವಾಡೆಗೆ ಹಾಕ್ತೀಯೇನೋ? ಶ್ರಾವಣ ಬರ್ಲಿ, ನಾನೇ ಸ್ಟುಡಿಯೋಗೆ ಕರ್ಕೊಂಡ್ ಹೋಗ್ತೀನಿ, ಹತ್ತು.”

ಶ್ರಾವಣಕ್ಕೆ ಲೋಕೇಶ್ ಗಾಳಿಯಂತ್ರದ ಮೇಲಿರುತ್ತಾರೆ ಎಂದು ಹೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ. ಆಮೇಲೆ ಮಂಗಳತ್ತೆ ಓರಗಿತ್ತಿಯನ್ನು ಬಿಟ್ಟು ನನ್ನನ್ನು ಅಜ್ಜಂಪುರದವರೆಗೂ ಕರೆತಂದರು. ಇನ್ನು ನನ್ನ ಮಾನ ಊರ ಪಾಲು ಎಂದುಕೊಂಡೆ. ಮನೆಯಲ್ಲಿ ನಮ್ಮಮ್ಮ ಎಲ್ಲಿ ಸಿಕ್ಕಳು ಎಂದು ಕೇಳಿದರೆ, ಲೋಟ ಹೊರಗಿಡುತ್ತ, “ಕ್ಲಿನಿಕ್ಕಿನ ಮುಂದೆ ನಿಂತಿದ್ಲು. ಪಾಪ, ಬೋ ಕೆಲ್ಸ ಅಂತೆ” ಎಂದರು. ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಬಿಡುತ್ತಿರಲಿಲ್ಲ, ಅದೇ ಕಷ್ಟ.

ಲೋಕೇಶ್ ಹೋದ ಮೇಲೆ ನನ್ನ ವೀಸಾಕ್ಕೆ ಅರ್ಜಿ ಹಾಕಿದೆವು. ಗಂಡ ಹೆಂಡತಿ ನಿಜವಾಗಿ ಗಂಡ ಹೆಂಡತಿ ಎಂಬುದಕ್ಕೆ ಆ ದೇಶದವರಿಗೆ ಪುರಾವೆ ಬೇಕು. ಮದುವೆಯ ಆಲ್ಬಮ್ ತೆಗೆದು ನೋಡಿದರೆ ನಾವಿಬ್ಬರೇ ಇರುವ ಒಂದು ಫೋಟೋ ಇಲ್ಲ. ಎಲ್ಲದರಲ್ಲೂ ಗಿಫ್ಟ್ ಹಿಡಿದ ನೆಂಟರು, ಅವರ ಪಕ್ಕದಲ್ಲಿ ನಾವು, ಹಿಂದೆ ಮಂಗಳತ್ತೆ. ಫೋನಿನ ಮೆಸೇಜುಗಳಾದರೂ ಇರಲಿ ಎಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ‘ಊಟ ಆಯ್ತಾ?’ ‘ಆಯ್ತು. ನಿಂದು?’ ‘ಆಯ್ತು.’ ಹಾಳೆಗಟ್ಟಲೆ ಇದೇ. ಅಂಗಡಿಯವನು ಒಂದೆರಡು ಹಾಳೆ ಆಸೆಯಿಂದ ಓದಿ, ಬೇಜಾರಾಗಿ, ಉಳಿದದ್ದನ್ನು ನೋಡದೆಯೇ ಪಿನ್ ಹೊಡೆದು ಕೊಟ್ಟ.

ಬೆಂಗಳೂರಿನ ಸಂದರ್ಶನದಲ್ಲಿ ಮೇಜಿನಾಚೆ ಕೂತಿದ್ದಾಕೆ ಬಹಳ ಮರ್ಯಾದಸ್ಥೆ. ಒಂದು ಸಲವೂ ದನಿ ಏರಿಸಲಿಲ್ಲ, ಒಂದು ಸಲವೂ ನಂಬಲಿಲ್ಲ. ಮದುವೆಯ ನಂತರ ಗಂಡ ಊರಿನಲ್ಲಿದ್ದಾಗ ಎಲ್ಲಿದ್ದಿರಿ ಎಂದು ಕೇಳಿದಳು. ನಾನು ಅಜ್ಜಂಪುರ, ಅವರು ತರೀಕೆರೆ ಎಂದೆ. ಜಗಳವಾಗಿತ್ತೇ? ಇಲ್ಲ. ದೂರವೇ? ಬಸ್ಸಿದೆ. ಮತ್ತೆ ತಡೆದವರು ಯಾರು? ತಿಂಗಳು, ಎಂದೆ. ಆಕೆ ಅದನ್ನು ಅಂದವಾಗಿ ಬರೆದುಕೊಂಡಳು. ಕೆಲವು ವಾರಗಳ ನಂತರ ಉತ್ತರ ಬಂತು. ರಜೆಯ ಅವಧಿಯಲ್ಲಿ ದಂಪತಿಗಳು ಕಾರಣವಿಲ್ಲದೆ ಬೇರೆ ಬೇರೆ ವಾಸವಾಗಿದ್ದರು, ಮದುವೆ ನಿಜವಾದದ್ದೆಂದು ನಂಬಲು ಆಧಾರವಿಲ್ಲ. ಮಂಗಳತ್ತೆಗೆ ನಾವು ಬೇರೆ ಇರಬೇಕಿತ್ತು, ಆಕೆಗೆ ಒಟ್ಟಿಗೆ ಇರಬೇಕಿತ್ತು. ಇಬ್ಬರು ಅಧಿಕಾರಿಗಳ ನಡುವೆ ನನ್ನ ಸಂಸಾರ ಅಂಚೆಯಲ್ಲಿ ಓಡಾಡುತ್ತಿತ್ತು. ಅವತ್ತು ಲ್ಯಾಬಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಗಂಡನ ಮುಖ ಮರೆತುಹೋಗುತ್ತದೇನೋ ಎಂದು ನಿಜಕ್ಕೂ ಹೆದರಿದ್ದೆ.

ಮಂಗಳತ್ತೆಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಯಾರೂ ಹೇಳದಿದ್ದರೂ ಮರುದಿನವೇ ಬಂದರು. ಲೋಟ ಮೇಜಿನ ಮೇಲೆ ಸದ್ದಿಲ್ಲದೆ ಕೂತಿತು.

“ಏನಂತೆ ಅವನ್ದು?”

“ಅವನಲ್ಲ ಅತ್ತೆ. ಹೆಣ್ಣು ಆಫೀಸರ್.”

“ಹೆಣ್ಣಾಗಿ ಆಷಾಢ ಗೊತ್ತಿಲ್ವ ಅವ್ಳಿಗೆ?” ನಾನು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರ ಮುಖ ಕೆಂಪಾಯಿತು. “ನಿಜವಾದ ಮದ್ವೆ ಅಲ್ವಂತಾ? ಹೋಳಿಗೆ ಮೇಲೆ ತುಪ್ಪ ಬಿಟ್ಟೋಳು ನಾನು. ಸುಳ್ಳು ಮದ್ವೆಗೆ ಯಾರಾದ್ರೂ ಅಷ್ಟು ತುಪ್ಪ ಬಿಡ್ತಾರೇನೇ?”

ಮತ್ತೆ ಅರ್ಜಿ ಹಾಕುವಾಗ, ಈ ಪದ್ಧತಿಯ ಬಗ್ಗೆ ಹಿರಿಯರಿಂದ ಅಫಿಡವಿಟ್ ಮಾಡಿಸಿ ಎಂದು ತರೀಕೆರೆಯ ವಕೀಲರೊಬ್ಬರು ಸಲಹೆ ಕೊಟ್ಟರು. ಮಂಗಳತ್ತೆ ರೇಷ್ಮೆ ಸೀರೆ ಉಟ್ಟು, ಲೋಟ ಹಿಡಿದು, ವಕೀಲರ ಮೇಜಿನ ಮುಂದೆ ಕೂತು ತಾವೇ ಹೇಳಿ ಬರೆಸಿದರು. ತಮ್ಮನ ಮಗನನ್ನೂ ಅವನ ಹೆಂಡತಿಯನ್ನೂ ಬೇರೆ ಇಟ್ಟದ್ದು ನಾನೇ. ಅವರಿಗೆ ಇಷ್ಟವಿರಲಿಲ್ಲ. ಕೆರೆ ಏರಿಯ ಮೇಲೆ ಕದ್ದು ಸೇರಿದ್ದರು, ಅಲ್ಲಿಂದಲೂ ಎಬ್ಬಿಸಿದೆ. ಫೋಟೋ ತೆಗೆಯಲೂ ಬಿಡಲಿಲ್ಲ. ವಕೀಲರು ಪೆನ್ನು ಕೆಳಗಿಟ್ಟರು.

“ಅಮ್ಮಾ, ಇದು ತಪ್ಪೊಪ್ಪಿಗೆ ಇದ್ದಂಗೆ ಆಗ್ತದೆ.”

“ಅದು ಹಂಗಲ್ಲ. ತಪ್ಪು ಅಂತ ಬರೀಬ್ಯಾಡ ಕಣಪ್ಪ. ಪದ್ಧತಿ ಅಂತ ಬರಿ. ಮಾಡ್ದೋಳು ನಾನು ಅಂತ ಬರಿ. ಆ ಹುಡುಗ್ರು ಗಂಡ ಹೆಂಡ್ತಿನೇ ಅಂತ ದೊಡ್ಡಕ್ಷರದಾಗೆ ಬರಿ.”

ಸಹಿ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದೆವು. ಅವರು ಕಡೂರಿಗೆ, ನಾನು ಅಜ್ಜಂಪುರಕ್ಕೆ. ಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ, “ನಿನ್ನ ಒಂದು ವರ್ಷ ನಾನು ತಿಂದ್ಬಿಟ್ಟೆ ಕಣೇ” ಎಂದರು. ಆ ಬಾಯಲ್ಲಿ ಅಂಥ ಮಾತು ಬರಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ಈಗಾದರೂ ಗೊತ್ತಾಯಿತಲ್ಲ ಎಂದು ಚುಚ್ಚಲು ಎಷ್ಟೋ ದಿನದಿಂದ ಮಾತು ಕೂಡಿಸಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, ಬಸ್‌ಸ್ಟ್ಯಾಂಡ್ ಹೋಟೆಲಿನ ಲೋಟಗಳೂ ಕಿರಿದಾಗಿರುವ ವಿಷಯ ಎತ್ತಿದರು.

ವೀಸಾ ಬಂತು. ಯಾವಾಗ ಬಂತು ಎಂದರೆ, ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ. ಅಂದರೆ ಮತ್ತೊಂದು ಆಷಾಢದಲ್ಲಿ. ಶ್ರಾವಣಕ್ಕೆ ಕಾದರೆ ಪ್ರವೇಶದ ಗಡುವು ಮುಗಿಯುತ್ತಿತ್ತು. ತರೀಕೆರೆಯ ಮನೆಯಲ್ಲಿ ಎಲ್ಲರೂ ಕೂತರು. ಆಷಾಢದಲ್ಲಿ ಹೆಣ್ಣುಮಗಳು ಹೊಸ ಸಂಸಾರಕ್ಕೆ ಹೋಗುವುದುಂಟೇ ಎಂದು ನನ್ನ ಅತ್ತೆ ಅಳುಮುಖ ಮಾಡಿದರು. ನಾನು ಮಂಗಳತ್ತೆಯ ಬಾಯಿ ನೋಡಿದೆ. ಒಂದು ವರ್ಷ ಕಾದದ್ದೆಲ್ಲ ಅವರ ಒಂದು ಮಾತಿನ ಮೇಲೆ ನಿಂತಿತ್ತು.

“ಅದು ಹಂಗಲ್ಲ” ಎಂದರು. ನನ್ನ ಅತ್ತೆಯ ಕಡೆ ತಿರುಗಿದರು. “ಆಷಾಢ ಅಂದ್ರೆ ಅತ್ತೆ ಸೊಸೆ ಒಂದು ಹೊಸ್ಲು ದಾಟ್ಬಾರ್ದು ಅಂತ. ನೀನೇನು ಇಮಾನದಾಗೆ ಜೊತೇಲಿ ಹೋಗ್ತಿದ್ದೀಯಾ? ಆ ದೇಶದೋರ್ಗೆ ಆಷಾಢನೇ ಗೊತ್ತಿಲ್ಲ ಅಂತ ಅವ್ರೇ ಬರ್ದು ಕೊಟ್ಟವ್ರೆ. ಗೊತ್ತಿಲ್ಲದ ಊರಾಗೆ ಆಷಾಢ ಎಲ್ಲಿಂದ ಬತ್ತದೆ? ನಡಿಯೇ ಹುಡ್ಗಿ, ಸೀರೆ ಮಡಚ್ಕೊ.”

ಅಜ್ಜಂಪುರದಲ್ಲಿ ಬೆಂಗಳೂರಿನ ರೈಲು ಹತ್ತಿದೆ. ಕಡೂರಿನಲ್ಲಿ ಅದು ನಿಲ್ಲುವುದು ಶಾಸ್ತ್ರಕ್ಕಷ್ಟೇ. ಮಂಗಳತ್ತೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಬೋಗಿಯ ಬಾಗಿಲಿಗೆ ಬಂದವಳ ಕೈಗೆ ತಮ್ಮ ಲೋಟ ತುಂಬ ಬಿಸಿ ಕಾಫಿ ಕೊಟ್ಟು, “ಕುಡಿ ಕುಡಿ, ಅಲ್ಲಿ ಎಂಥಾ ಲೋಟ ಇರ್ತವೋ” ಎಂದರು. ಊದಿ ಊದಿ ಅರ್ಧ ಕುಡಿಯುವಷ್ಟರಲ್ಲಿ ರೈಲು ಹೊರಟುಬಿಟ್ಟಿತು. “ಲೇ, ಲೋಟ! ನನ್ನ ಲೋಟ ಕಣೇ!” ಎಂದು ಅವರು ನಾಲ್ಕು ಹೆಜ್ಜೆ ಓಡಿ ನಿಂತರು. ನಾನು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಲೋಟ ಹಿಡಿದು, ನಗುತ್ತಲೂ ಅಳುತ್ತಲೂ ಇದ್ದೆ. ಅವರನ್ನು ನಾನು ಕಂಡದ್ದು ಅದೇ ಕೊನೆ.

ಆಮೇಲೆ ಪ್ರತಿ ಆಷಾಢ ಹುಟ್ಟಿದ ದಿನ ಅವರ ಫೋನ್ ಬರುತ್ತಿತ್ತು. “ಜೊತೇಲಿ ಇದ್ದೀರೇನೇ?” ಎಂದು ಠಾಣೆಯ ದನಿಯಲ್ಲಿ ಕೇಳುವರು. ಇದ್ದೀವಿ ಅತ್ತೆ ಎಂದರೆ, “ಹ್ಞೂ, ಇರಿ. ಲೋಟ ಜ್ವಾಪಾನ. ಬರೋವಾಗ ತಾ” ಎಂದು ಇಟ್ಟುಬಿಡುವರು. ತರುತ್ತೇನೆ ಎಂದು ಪ್ರತಿ ಸಲ ಹೇಳಿದೆ. ಹೋಗಲು ರಜೆ ಸಿಗಲಿಲ್ಲ. ರಜೆ ಸಿಕ್ಕಾಗ ರಿನ್ಯೂವಲ್‌ಗೆ ಕೊಟ್ಟ ಪಾಸ್‌ಪೋರ್ಟ್ ವೀಸಾ ಆಫೀಸಿನಲ್ಲಿ ಕೂತಿತ್ತು. ಅದೇ ಹೊತ್ತಿಗೆ, ಈ ಸಲದ ಶಿವರಾತ್ರಿ ಕಳೆದ ವಾರದಲ್ಲಿ, ಅವರು ಹೋದರು. ಮಣ್ಣಿಗೂ ಹೋಗಲಾಗಲಿಲ್ಲ.

ಪಾಸ್‌ಪೋರ್ಟ್ ವಾಪಸ್ಸು ಬಂತು. ನಾವು ಒಟ್ಟಿಗೆ ಇರುವುದನ್ನು ಆ ಆಫೀಸಿನವರು ಈಗ ಪೂರ್ತಿ ಒಪ್ಪಿಕೊಂಡಿದ್ದಾರೆ, ಮತ್ತೆ ಕೇಳುವುದಿಲ್ಲವಂತೆ. ಈ ವರ್ಷವೂ ಆಷಾಢ ಹುಟ್ಟಿತು. ಲೋಕೇಶ್ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಮಂಗಳತ್ತೆಯ ಲೋಟದ ತುಂಬ ಕಾಫಿ ಮಾಡಿ, ಮೇಜಿನ ಮೇಲೆ ಫೋನಿನ ಪಕ್ಕದಲ್ಲಿ ಇಟ್ಟುಕೊಂಡು ಕೂತೆವು. ಇಬ್ಬರೂ ಜೊತೆಯಲ್ಲೇ ಇದ್ದೆವು. ಕೇಳುವವರು ಇರಲಿಲ್ಲ.